ರೋಲಿನಲ್ಲಿ ಉಳಿದ ಎರಡು ಫೋಟೋ

(ಸಂಘದ ವಾರ್ಷಿಕ ಸಮಾರಂಭದಲ್ಲಿ ಪೋಷಕರು ಮತ್ತು ವಿದ್ಯಾರ್ಥಿಗಳ ಮುಂದೆ ಮಾಡಿದ ಭಾಷಣದ ಬರಹರೂಪ)



ಇಂದು ಫೋಟೋ ವಿಷಯ ಮಾತಾಡುತ್ತೇನೆ ಎಂದಾಗ ನಮ್ಮ ಕಾರ್ಯದರ್ಶಿಗಳು ಸ್ವಲ್ಪ ಹೊತ್ತು ಸುಮ್ಮನಾದರು. ಸ್ಕಾಲರ್‌ಶಿಪ್ ಬಗ್ಗೆಯೋ, ಹೆಣ್ಣುಮಕ್ಕಳ ಕಾಲೇಜು ಓದಿನ ಬಗ್ಗೆಯೋ ನಾನು ಮಾತಾಡಬಹುದೆಂದು ಅವರು ಎಣಿಸಿದ್ದರು. ಆ ವಿಷಯಗಳನ್ನು ನನಗಿಂತ ಚೆನ್ನಾಗಿ ಬಲ್ಲವರು ವೇದಿಕೆಯ ಮೇಲೇ ಇದ್ದಾರೆ. ನನ್ನದು ಮನೆಯೊಳಗಿನ ವಿಷಯ. ಆದರೂ ಓದಿಗೆ ಸಂಬಂಧಪಟ್ಟದ್ದೇ. ಹೇಗೆ ಎಂಬುದನ್ನು ಮುಂದೆ ಹೇಳುತ್ತೇನೆ.

ನಾನು ಹೈಸ್ಕೂಲಿನಲ್ಲಿ ಉರ್ದು ಮತ್ತು ಕನ್ನಡ ಎರಡನ್ನೂ ಕಲಿಸುತ್ತೇನೆ. ಉರ್ದು ಪೀರಿಯಡ್ಡಿನಲ್ಲಿ 'ಮೇರಿ ಅಮ್ಮಿ' ಎಂದು ಪ್ರಬಂಧ ಕೊಡುತ್ತೇವೆ. ಕನ್ನಡ ಪೀರಿಯಡ್ಡಿನಲ್ಲಿ ಅದೇ ಮಕ್ಕಳಿಗೆ 'ನನ್ನ ತಾಯಿ' ಎಂದು ಕೊಡುತ್ತೇವೆ. ನಲವತ್ತು ಮಕ್ಕಳೂ ಒಬ್ಬಳೇ ತಾಯಿಯ ಬಗ್ಗೆ ಬರೆದು ತರುತ್ತಾರೆ! ಆ ತಾಯಿ ಕರುಣಾಮಯಿ, ತ್ಯಾಗಮಯಿ, ಬೆಳಿಗ್ಗೆ ಬೇಗ ಏಳುತ್ತಾಳೆ, ಮೊದಲ ಗುರುವಾಗಿದ್ದಾಳೆ. ಎಲ್ಲವೂ ಗೈಡಿನಿಂದ ಬಂದ ಮಾತು. ಮಕ್ಕಳಿಗೆ ತಾಯಿಯ ಮೇಲೆ ಪ್ರೀತಿ ಇಲ್ಲವೆಂದಲ್ಲ. ದಿನಾ ನೋಡುವುದನ್ನು ಅವರು ನಿಂತು ನೋಡಿಲ್ಲ, ಅಷ್ಟೇ.

ಹೋದ ವರ್ಷ ಒಂಬತ್ತನೇ ತರಗತಿಗೆ ಬೇರೆ ರೀತಿ ಹೇಳಿದೆ. "ಅಮ್ಮ ಕೆಲಸ ಮಾಡುತ್ತಿರುವ ಒಂದು ಫೋಟೋ ಮನೆಯಲ್ಲಿದ್ದರೆ ಅದನ್ನು ಎದುರಿಗಿಟ್ಟುಕೊಂಡು, ಕಣ್ಣಿಗೆ ಕಂಡದ್ದನ್ನು ಮಾತ್ರ ಬರೆಯಿರಿ. ಫೋಟೋ ಶಾಲೆಗೆ ತರುವುದು ಬೇಡ, ನನಗೆ ತೋರಿಸುವುದೂ ಬೇಡ." ಮರುದಿನ ಅರ್ಧ ತರಗತಿ ಕೈ ಎತ್ತಿತು. "ಮಿಸ್, ಅಂಥ ಫೋಟೋನೇ ಇಲ್ಲ." ಮೊಬೈಲಿನಲ್ಲಿ ನೂರಾರು ಫೋಟೋ ಇವೆ. ಖಾಲಾನ ಮಗಳ ಮದುವೆ, ಈದ್ ದಿನದ ಹೊಸ ಬಟ್ಟೆ, ತಮ್ಮನ ಬರ್ತ್‌ಡೇ, ಬೆಕ್ಕಿನ ಮರಿ ಎಲ್ಲವೂ ಇವೆ. ಅಮ್ಮ ಮಾತ್ರ ಇಲ್ಲ. ಇದ್ದರೂ ಮದುವೆಯ ಗುಂಪಿನಲ್ಲಿ ಮೂರನೇ ಸಾಲಿನಲ್ಲಿ, ಯಾರದೋ ಭುಜದ ಹಿಂದೆ. ಅಬ್ಬಾನ ಗತಿಯೂ ಅಷ್ಟೇ. ಶೇರ್ವಾನಿ ಹಾಕಿದ ಒಂದು, ಆಧಾರ್ ಕಾರ್ಡಿನ ಒಂದು.

ಸರಿ, ಇಲ್ಲದವರು ಅಮ್ಮನ ಅನುಮತಿ ಕೇಳಿ ಒಂದು ತೆಗೆಯಿರಿ ಎಂದೆ. ಆಗ ಬಂದ ಪ್ರಬಂಧಗಳನ್ನು ನಾನು ಇನ್ನೂ ಜೋಪಾನವಾಗಿ ಇಟ್ಟಿದ್ದೇನೆ. ಒಬ್ಬ ಹುಡುಗಿ ಬರೆದಿದ್ದಳು: ಅಮ್ಮ ಬೀಡಿ ಕಟ್ಟುವಾಗ ಯಾವಾಗಲೂ ಹೊಸ್ತಿಲಿನ ಬಲಗಡೆಗೇ ಕೂರುತ್ತಾಳೆ, ಅಲ್ಲಿ ಮಧ್ಯಾಹ್ನ ಮೂರು ಗಂಟೆಯ ತನಕ ಬೆಳಕು ಬರುತ್ತದೆ, ಆಮೇಲೆ ಮೊರ ಎತ್ತಿಕೊಂಡು ಎಡಗಡೆಗೆ ಹೋಗುತ್ತಾಳೆ. ಇಷ್ಟು ವರ್ಷ ಅದೇ ಹೊಸ್ತಿಲು ದಾಟಿಕೊಂಡೇ ಶಾಲೆಗೆ ಬರುತ್ತಿದ್ದವಳು ಫೋಟೋ ನೋಡಿದ ಮೇಲೆ ಅದನ್ನು ಕಂಡುಕೊಂಡಳು. ಇನ್ನೊಬ್ಬ ಹುಡುಗ ಬರೆದದ್ದು ಮೂರೇ ಸಾಲು. ಅಮ್ಮನ ಹೊಲಿಗೆ ಮಿಷನ್ನಿನ ಕೆಳಗೆ ಎರಡು ಇಟ್ಟಿಗೆ ಇವೆಯಂತೆ, ಅವಳ ಮೊಣಕಾಲು ನೋವಿಗಾಗಿ ಅಬ್ಬಾ ಇಟ್ಟದ್ದಂತೆ. ಆ ಮೂರು ಸಾಲಿಗೆ ನಾನು ಹತ್ತಕ್ಕೆ ಒಂಬತ್ತು ಅಂಕ ಕೊಟ್ಟೆ. ಕಾಗುಣಿತ ತಪ್ಪಿಗೆ ಒಂದು ಅಂಕ ಕಳೆದೆ. ಮೇಷ್ಟ್ರ ಬುದ್ಧಿ ಬಿಡುವುದಿಲ್ಲ.

ನಮ್ಮ ಆಲ್ಬಂಗಳು ಹೀಗೇಕೆ ಆದವು? ಇಲ್ಲಿ ಕುಳಿತ ಹಿರಿಯರಿಗೆ ನಾನು ಹೇಳಬೇಕಾಗಿಲ್ಲ. ಮಕ್ಕಳಿಗೆ ಹೇಳುತ್ತೇನೆ. ಒಂದು ಕಾಲದಲ್ಲಿ ಫೋಟೋ ಎಂದರೆ ಎಣಿಸಿಟ್ಟ ವಸ್ತು. ನಮ್ಮ ತಾತಂದಿರ ಕಾಲದ ಆಗ್ಫಾ ಕ್ಲಿಕ್ ತ್ರೀ ಕ್ಯಾಮೆರಾದಲ್ಲಿ ಒಂದು ರೋಲಿಗೆ 12 ಫೋಟೋ. ಆಮೇಲೆ ಬಂದ 35 ಎಂ.ಎಂ. ರೋಲಿನಲ್ಲಿ 36. ಊಟಿಯಲ್ಲಿ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಎಂಬ ಸರ್ಕಾರಿ ಕಾರ್ಖಾನೆ ಇತ್ತು. 'ಇಂದು' ಎಂಬ ಹೆಸರಿನ ಕಪ್ಪು ಬಿಳುಪು ಫಿಲ್ಮು ಅಲ್ಲಿಂದಲೇ ಬರುತ್ತಿತ್ತು. ಈಗ ಆ ಕಾರ್ಖಾನೆ ಮುಚ್ಚಿದೆ. ರೋಲಿಗೆ ದುಡ್ಡು, ತೊಳೆಸುವುದಕ್ಕೆ ದುಡ್ಡು, ಪ್ರಿಂಟಿಗೆ ದುಡ್ಡು. ಇಷ್ಟು ಖರ್ಚು ಮಾಡಿ ಯಾರಾದರೂ ಈರುಳ್ಳಿ ಹೆಚ್ಚುವ ಹೆಂಗಸಿನ ಫೋಟೋ ತೆಗೆಯುತ್ತಾರೆಯೇ? ಹೊಸ ಬಟ್ಟೆ ಹಾಕಬೇಕು, ತಲೆಗೆ ಎಣ್ಣೆ ಹಚ್ಚಿ ಬಾಚಬೇಕು, ಸ್ಟುಡಿಯೋದ ಪರದೆಯ ಮುಂದೆ ಉಸಿರು ಬಿಗಿಹಿಡಿದು ನಿಲ್ಲಬೇಕು. ಫೋಟೋ ಎಂದರೆ ಹೀಗೆ ಎಂದು ನಮ್ಮ ತಲೆಯಲ್ಲಿ ಕೂತುಬಿಟ್ಟಿತು.

ಬೇರೆ ಕಡೆ ಈ ಖರ್ಚಿನ ಗೋಡೆ ಬೇಗ ಬಿತ್ತು. ಅಮೆರಿಕದಲ್ಲಿ ಕೊಡಾಕ್ ಕಂಪನಿ 1900ರಲ್ಲಿ ಬ್ರೌನಿ ಎಂಬ ಡಬ್ಬಿ ಕ್ಯಾಮೆರಾವನ್ನು ಒಂದು ಡಾಲರಿಗೆ ಮಾರಿತು, ಮಕ್ಕಳೂ ಬಳಸಲಿ ಎಂದೇ ಮಾರಿತು. ನಮ್ಮಲ್ಲಿ ಬಡವರ ಮನೆಗೆ ಆ ಸ್ವಾತಂತ್ರ್ಯ ಬಂದದ್ದು ಬಹಳ ತಡವಾಗಿ, ಅದೂ ಕ್ಯಾಮೆರಾದಿಂದಲ್ಲ, ಮೊಬೈಲಿನಿಂದ.

ಆದರೂ ರೋಲಿನ ಕಾಲದಲ್ಲೂ ಒಂದು ಸಂದಿ ಇತ್ತು. ಮದುವೆ ಮುಗಿದು, ವಲೀಮಾ ಮುಗಿದು, ನೆಂಟರೆಲ್ಲ ಹೋದ ಮೇಲೆ ರೋಲಿನಲ್ಲಿ ಎರಡೋ ಮೂರೋ ಉಳಿದಿರುತ್ತಿದ್ದವು. ರೋಲು ಮುಗಿಯದೆ ತೊಳೆಯಲು ಕೊಡಲು ಮನಸ್ಸು ಬಾರದು. "ಖಾಲಿ ಮಾಡಿಬಿಡಿ" ಎಂದು ಯಾರೋ ಕೂಗುತ್ತಿದ್ದರು. ಆಗ ಎದುರಿಗೆ ಸಿಕ್ಕದ್ದರ ಫೋಟೋ. ಹಿತ್ತಿಲು, ಸೈಕಲ್ಲು, ಮೇಕೆ, ಪಾತ್ರೆ ತಿಕ್ಕುತ್ತಿರುವ ಚಿಕ್ಕಮ್ಮ. ನಿಮ್ಮ ಮನೆಯ ಹಳೆಯ ಆಲ್ಬಂ ತೆರೆದು ಕೊನೆಯ ಹಾಳೆಗಳನ್ನು ನೋಡಿ. ಒಂದಾದರೂ ಸಿಕ್ಕೀತು.

ನಮ್ಮ ಮನೆಯಲ್ಲಿ ಅಂಥದ್ದೊಂದಿದೆ. 1997ರಲ್ಲಿ ದಾವಣಗೆರೆಯಲ್ಲಿ ನನ್ನ ಚಿಕ್ಕ ಮಾಮನ ಮದುವೆಯಾಯಿತು. ದೊಡ್ಡ ಮಾಮ ಸ್ನೇಹಿತರ ಹತ್ತಿರ ಕ್ಯಾಮೆರಾ ಕೇಳಿ ತಂದಿದ್ದರು. ಮದುವೆಯದು 34 ಫೋಟೋ ಆದವು, ಎರಡು ಉಳಿದವು. ಒಂದನ್ನು ಹಿತ್ತಿಲಿನಲ್ಲಿ ಕುಳಿತಿದ್ದ ನಾನಿಯ ಮೇಲೆ ಖರ್ಚು ಮಾಡಿದರು. ನಾನಿ ಬೈದರಂತೆ, "ಕೈಕು ರೇ ಫೋಟೋ? ಅಚ್ಛೇ ಕಪ್ಡೇ ಭೀ ನೈ ಪೇನೀ ಮೈ." ಒಳ್ಳೆಯ ಬಟ್ಟೆ ಕೂಡ ಉಟ್ಟಿಲ್ಲ, ಈಗ್ಯಾಕೋ ಫೋಟೋ ಎಂದು. ಎರಡನೆಯದು ಬೀದಿಯ ನಾಯಿಯದು. ಅದರ ವಿಷಯ ಬೇಡ.

ನಾನಿಯ ಆ ಫೋಟೋದಲ್ಲಿ ಮುಖ ಅರ್ಧ ಮಾತ್ರ ಇದೆ, ಬೈಯುತ್ತ ತಿರುಗಿಸಿದ್ದಾರೆ. ತೊಡೆಯ ಮೇಲೆ ಮೊರ. ಮೊರದಲ್ಲಿ ಕತ್ತರಿಸಿದ ಎಲೆ, ತಂಬಾಕಿನ ಪುಡಿ, ನೂಲಿನ ಉಂಡೆ. ಪಕ್ಕದಲ್ಲಿ ಎಲೆ ಒಣಗದಂತೆ ಸುತ್ತಿಟ್ಟ ಒದ್ದೆ ಗೋಣಿ. ಹಿಂದೆ ಸೀಬೆ ಮರ. ಮದುವೆಯ ಮರುದಿನವೂ ನಾನಿ ಕೆಲಸಕ್ಕೆ ಕೂತಿದ್ದಾರೆ ನೋಡಿ! ಸಾವಿರ ಬೀಡಿಗೆ ಇಷ್ಟು ಎಂದು ಕೂಲಿ. ಕೂರದಿದ್ದರೆ ಆ ದಿನದ ಸಾವಿರ ಇಲ್ಲ.

ಮದುವೆಯ 34 ಫೋಟೋಗಳನ್ನು ಈಗ ಯಾರೂ ಕೇಳುವುದಿಲ್ಲ. ನೆಂಟರು ಬಂದರೆ ಈ ಒಂದು ಫೋಟೋ ಕೈಯಿಂದ ಕೈಗೆ ಹೋಗುತ್ತದೆ, ಮಾತು ಶುರುವಾಗುತ್ತದೆ. ಸೀಬೆ ಮರ 2003ರಲ್ಲಿ ಹಿಂದಿನ ಕೋಣೆ ಕಟ್ಟುವಾಗ ಹೋಯಿತು ಎಂದು ಒಬ್ಬರು. ಆ ಕತ್ತರಿ ಈಗ ಯಾರ ಮನೆಯಲ್ಲಿದೆ ಎಂದು ಇನ್ನೊಬ್ಬರು. ಹೀಗೆ ಒಂದು ದಿನ ಮಾತಾಡುತ್ತ ಅಮ್ಮ ಹೇಳಿದರು: ಅಮ್ಮ ಎಸ್ಸೆಸ್ಸೆಲ್ಸಿ ತನಕ ಓದಿದ್ದು ಆ ಮೊರದ ದುಡ್ಡಿನಿಂದ. ನಾನಾ ಬೇಡವೆಂದಿದ್ದರಂತೆ. ನಾನಿ ದಿನಕ್ಕೆ ಇನ್ನಷ್ಟು ಬೀಡಿ ಕಟ್ಟಿ, ಮಗಳ ಫೀಸಿನ ಲೆಕ್ಕವನ್ನು ಬೇರೆ ಡಬ್ಬಿಯಲ್ಲಿ ಇಟ್ಟರಂತೆ. ಅಮ್ಮ ಓದಿದ್ದರಿಂದ ನನ್ನನ್ನು ಬಿ.ಎಡ್. ತನಕ ಓದಿಸಿದರು. ಆ ಫೋಟೋ ಇಲ್ಲದಿದ್ದರೆ ಈ ಮಾತು ನಮ್ಮ ಮನೆಯಲ್ಲಿ ಬರುತ್ತಲೇ ಇರಲಿಲ್ಲ ಎಂದು ನನಗೆ ಅನಿಸುತ್ತದೆ. ನಮ್ಮ ಹೆಂಗಸರು ತಾವು ಮಾಡಿದ್ದನ್ನು ತಾವಾಗಿ ಹೇಳುವುದಿಲ್ಲ. ಯಾರಾದರೂ ಬೆರಳಿಟ್ಟು "ಇದೇನು?" ಎಂದು ಕೇಳಬೇಕು.

ಸಂಘದ ಹಿರಿಯರು ತಪ್ಪು ತಿಳಿಯಬಾರದು. ಈ ಸಭಾಂಗಣದ ಗೋಡೆಯ ಮೇಲೆ ಎಷ್ಟೊಂದು ಫೋಟೋಗಳಿವೆ! ರ‍್ಯಾಂಕ್ ಬಂದವರು, ಡಾಕ್ಟರಾದವರು, ಶಾಲು ಹೊದಿಸಿಕೊಂಡವರು. ನೋಡಿದರೆ ಸಂತೋಷವಾಗುತ್ತದೆ. ಆ ರ‍್ಯಾಂಕುಗಳ ಫೀಸು ಕಟ್ಟಿದ ಕೈಗಳು ಮಾತ್ರ ಯಾವ ಗೋಡೆಯ ಮೇಲೂ ಇಲ್ಲ, ಅವರ ಸ್ವಂತ ಮನೆಯ ಬೀರುವಿನಲ್ಲೂ ಇಲ್ಲ. ಬೀಡಿ ಕಟ್ಟಿದವರು, ಅಗರಬತ್ತಿ ಹೊಸೆದವರು, ಮಂಡಕ್ಕಿ ಭಟ್ಟಿಯ ಬಿಸಿ ಮರಳಿನ ಮುಂದೆ ನಿಂತವರು, ತಳ್ಳುಗಾಡಿಯವರು, ಗ್ಯಾರೇಜಿನವರು. ಮುಸ್ಲಿಂ ಶಿಕ್ಷಣದ ಇತಿಹಾಸ ಬರೆಯಬೇಕೆಂದು ನಾವು ಆಗಾಗ ಹೇಳುತ್ತೇವೆ. ಸಂಸ್ಥೆಗಳ ಇತಿಹಾಸವನ್ನು ಠರಾವು ಪುಸ್ತಕ ನೋಡಿ ಬರೆಯಬಹುದು. ಮನೆಗಳ ಇತಿಹಾಸವನ್ನು ಏನನ್ನು ನೋಡಿ ಬರೆಯುವುದು?

ನಾನಿಯ ಮುಖ ಪೂರ್ತಿ ಕಾಣುವ ಫೋಟೋ ಇರುವುದು ಒಂದೇ. ಮತದಾರರ ಗುರುತಿನ ಚೀಟಿಯದು. 1993ರಲ್ಲಿ ಟಿ.ಎನ್. ಶೇಷನ್ ಅವರು ಮುಖ್ಯ ಚುನಾವಣಾ ಆಯುಕ್ತರಾಗಿದ್ದಾಗ ಫೋಟೋ ಇರುವ ಗುರುತಿನ ಚೀಟಿಯ ಯೋಜನೆ ಬಂತು. ನಮ್ಮ ಓಣಿಯ ಎಷ್ಟೋ ಅಜ್ಜಿಯರು ಹುಟ್ಟಿದಂದಿನಿಂದ ಮೊದಲ ಬಾರಿಗೆ ಕ್ಯಾಮೆರಾದ ಮುಂದೆ ಕೂತದ್ದು ಆ ಚೀಟಿಗಾಗಿಯೇ ಎಂದು ಅಮ್ಮ ಹೇಳುತ್ತಾರೆ. ಅಂಚೆಚೀಟಿಯಷ್ಟು ಫೋಟೋ, ಮಸಿ ಬಳಿದಂತೆ ಕಪ್ಪು, ಗಾಬರಿಯ ಕಣ್ಣು. ನಾನಿ 2011ರಲ್ಲಿ ತೀರಿಕೊಂಡರು. ಆ ಚೀಟಿಯ ನಾನಿಯನ್ನು ನಮ್ಮಲ್ಲಿ ಯಾರೂ ಗುರುತು ಹಿಡಿಯುವುದಿಲ್ಲ. ಬೈಯುತ್ತ ತಿರುಗಿದ ಅರ್ಧ ಮುಖವನ್ನು ಎಲ್ಲರೂ ಗುರುತಿಸುತ್ತಾರೆ.

2021ರ ಎರಡನೇ ಅಲೆಯಲ್ಲಿ ನನ್ನ ಒಬ್ಬ ವಿದ್ಯಾರ್ಥಿ ತಂದೆಯನ್ನು ಕಳೆದುಕೊಂಡ. ನಮ್ಮಲ್ಲಿ ತೀರಿಕೊಂಡವರ ಫೋಟೋಗೆ ಹಾರ ಹಾಕಿ ಗೋಡೆಗೆ ನೇತುಹಾಕುವ ಪದ್ಧತಿ ಇಲ್ಲ, ಅದು ತಮಗೆ ಗೊತ್ತು. ಆ ಹುಡುಗ ಕೇಳಿದ್ದು ಗೋಡೆಗಲ್ಲ. "ಮಿಸ್, ಅಬ್ಬಾ ಮಾಮೂಲಿಯಾಗಿರೋ ಫೋಟೋ ಒಂದೂ ಇಲ್ಲ. ಲೈಸೆನ್ಸಿಂದು ಒಂದೇ ಇದೆ" ಎಂದ. 'ಮಾಮೂಲಿ' ಎಂಬ ಆ ಪದ ನನಗೆ ಮರೆಯುವುದಿಲ್ಲ. ಕೊನೆಗೆ ತಂದೆಯ ಜೊತೆ ಕೆಲಸ ಮಾಡುತ್ತಿದ್ದವರೊಬ್ಬರ ಮೊಬೈಲಿನಲ್ಲಿ ಒಂದು ಸಿಕ್ಕಿತು. ಗೋಡೆಗೊರಗಿ ಕುಳಿತು ಬುತ್ತಿ ಬಿಚ್ಚುತ್ತಿರುವುದು. ಹುಡುಗ ಮೊದಲು ನೋಡಿದ್ದು ಬುತ್ತಿಯ ಡಬ್ಬಿಯನ್ನು. "ಇದು ನಮ್ಮ ಡಬ್ಬಿ" ಎಂದ.

ಈಗ ತಮ್ಮಲ್ಲಿ ಕೆಲವರ ಮನಸ್ಸಿನಲ್ಲಿರುವ ಪ್ರಶ್ನೆಗೆ ಬರುತ್ತೇನೆ. ತಸ್ವೀರಿನ ವಿಷಯದಲ್ಲಿ ಉಲಮಾಗಳಲ್ಲಿ ಬೇರೆ ಬೇರೆ ಅಭಿಪ್ರಾಯಗಳಿವೆ. ಜೀವ ಇರುವವುಗಳ ಚಿತ್ರವೇ ಬೇಡ ಎನ್ನುವವರಿದ್ದಾರೆ. ಪಾಸ್‌ಪೋರ್ಟ್, ಗುರುತಿನ ಚೀಟಿಯಂಥ ಅಗತ್ಯಕ್ಕೆ ಮಾತ್ರ ಸರಿ ಎನ್ನುವವರಿದ್ದಾರೆ. ಕೈಯಲ್ಲಿ ಬರೆದ ಚಿತ್ರ ಬೇರೆ, ಕನ್ನಡಿಯ ಬಿಂಬದಂತೆ ಕ್ಯಾಮೆರಾ ಹಿಡಿಯುವುದು ಬೇರೆ ಎನ್ನುವವರೂ ಇದ್ದಾರೆ. ಇದನ್ನು ತೀರ್ಮಾನಿಸಲು ನಾನು ಆಲಿಮಾ ಅಲ್ಲ. ಪ್ರತಿ ಮನೆಯವರೂ ತಾವು ನಂಬುವ ಆಲಿಮರನ್ನು ಕೇಳಿ ನಡೆಯಲಿ. ನಾನು ಹೇಳುವುದು ಇಷ್ಟು: ಮುಖ ಬೇಡ ಎನ್ನುವ ಮನೆಯಲ್ಲೂ ತೆಗೆಯಬೇಕಾದದ್ದು ಬಹಳ ಇದೆ. ಹಿಟ್ಟು ನಾದುವ ಕೈ, ಮೊರ, ಒಲೆ. ಅಮ್ಮ ನಮಾಜಿನ ಜಾನಮಾಜ್ ಮಡಚಿಡುವ ಜಾಗ, ಅಬ್ಬಾನ ಚಪ್ಪಲಿ, ದಾದಿಯ ಪಾನ್‌ದಾನ್, ಕಿರಾಣಿ ಅಂಗಡಿಯ ಉದ್ರಿ ಚೀಟಿಯ ಮೇಲಿನ ಅಮ್ಮನ ಅಕ್ಷರ. ನನ್ನ ತರಗತಿಯಲ್ಲಿ ಇಬ್ಬರು ಮಕ್ಕಳು ಹೀಗೇ ಮಾಡಿದರು. ಒಬ್ಬಳು ಬರೀ ಅಮ್ಮನ ಎರಡು ಕೈ ತೆಗೆದಿದ್ದಳು. ಮುಖ ಕಾಣುವ ಫೋಟೋ ನೋಡಿ ಬರೆದವರಿಗಿಂತ ಆಕೆಯ ಪ್ರಬಂಧವೇ ಉದ್ದವಾಗಿತ್ತು.

ಪರದೆಯ ವಿಷಯಕ್ಕೆ ಹಳೆಯ ಉದಾಹರಣೆ ಒಂದಿದೆ. ಹೈದರಾಬಾದಿನಲ್ಲಿ ನಿಜಾಮರ ಫೋಟೋಗ್ರಾಫರ್ ಆಗಿದ್ದ ಲಾಲಾ ದೀನ್ ದಯಾಳರು 1892ರಲ್ಲಿ ಜನಾನಾ ಸ್ಟುಡಿಯೋ ಒಂದನ್ನು ತೆರೆದರು. ಸುತ್ತ ಎತ್ತರದ ಗೋಡೆ. ಒಳಗೆ ಗಂಡಸರಿಗೆ ಪ್ರವೇಶ ಇಲ್ಲ. ಫೋಟೋ ತೆಗೆಯುವವರೂ ಹೆಂಗಸರೇ. ಶ್ರೀಮತಿ ಕೆನ್ನಿ-ಲೆವಿಕ್ ಎಂಬ ಇಂಗ್ಲಿಷ್ ಮಹಿಳೆ ಅದನ್ನು ನೋಡಿಕೊಳ್ಳುತ್ತಿದ್ದರು. ಪರದೆಯನ್ನೂ ಬಿಡದೆ ಫೋಟೋವನ್ನೂ ಬಿಡದೆ ಅಂದಿನ ದಖ್ಖನಿನ ಹೆಂಗಸರು ದಾರಿ ಕಂಡುಕೊಂಡರು. ಅವರು ದೊಡ್ಡ ಮನೆತನದವರು, ಸ್ಟುಡಿಯೋಗೆ ಪಲ್ಲಕ್ಕಿಯಲ್ಲಿ ಹೋಗಬಲ್ಲವರು. ಇಂದು ಅದೇ ಕೆಲಸಕ್ಕೆ ಎತ್ತರದ ಗೋಡೆ ಬೇಕಿಲ್ಲ, ಮಗಳ ಕೈಯಲ್ಲಿ ಮೊಬೈಲ್ ಇದ್ದರೆ ಸಾಕು. ಅಮ್ಮನ ಫೋಟೋ ಮಗಳು ತೆಗೆದರೆ ಅದು ಮನೆಯೊಳಗಿನ ಮಾತು.

ಮನೆಯೊಳಗಿನ ಮಾತು ಮನೆಯೊಳಗೇ ಇರಬೇಕು, ಇದನ್ನು ಸ್ವಲ್ಪ ಒತ್ತಿ ಹೇಳುತ್ತೇನೆ. 2021ರ ಜುಲೈನಲ್ಲಿ, ಮತ್ತೆ 2022ರ ಜನವರಿಯಲ್ಲಿ, ಮುಸ್ಲಿಂ ಹೆಣ್ಣುಮಕ್ಕಳ ಫೋಟೋಗಳನ್ನು ಅವರ ಖಾತೆಗಳಿಂದ ಕದ್ದು, ಆ್ಯಪ್ ಮಾಡಿ 'ಹರಾಜಿಗಿದ್ದಾರೆ' ಎಂದು ಹಾಕಿದ ನೀಚ ಕೆಲಸ ನಮ್ಮ ದೇಶದಲ್ಲೇ ನಡೆಯಿತು. ಪತ್ರಕರ್ತೆಯರು, ಓದಿದ ಹೆಣ್ಣುಮಕ್ಕಳು ಅದಕ್ಕೆ ಗುರಿಯಾದರು. ತಪ್ಪು ಆ ಹೆಣ್ಣುಮಕ್ಕಳದ್ದಲ್ಲ, ಕದ್ದವರದ್ದು. ಪೊಲೀಸರು ಕೆಲವರನ್ನು ಬಂಧಿಸಿದರು. ಆದರೆ ಆಮೇಲೆ ಎಷ್ಟೋ ಮನೆಗಳಲ್ಲಿ ಹೆಣ್ಣುಮಕ್ಕಳ ಕೈಯಿಂದ ಮೊಬೈಲನ್ನೇ ಕಿತ್ತುಕೊಂಡರು. ಒಂದು ಮನೆಯವರು ಇದ್ದ ಫೋಟೋಗಳನ್ನೆಲ್ಲ ಅಳಿಸಿಹಾಕಿದ್ದನ್ನು ನಾನು ಬಲ್ಲೆ. ಕಳ್ಳರಿಗೆ ಹೆದರಿ ಮನೆಯ ಬೆಳ್ಳಿಯನ್ನು ಬಾವಿಗೆ ಎಸೆದಂತಾಯಿತು. ಫೋಟೋ ತೆಗೆಯುವುದು ಒಂದು ಕೆಲಸ, ಊರಿಗೆ ತೋರಿಸುವುದು ಇನ್ನೊಂದು ಕೆಲಸ. ನಾನು ಕೇಳುತ್ತಿರುವುದು ಮೊದಲನೆಯದನ್ನು ಮಾತ್ರ. ಸ್ಟೇಟಸ್ಸಿಗೆ ಹಾಕುವುದು ಬೇಡ, ಗ್ರೂಪಿಗೆ ಕಳಿಸುವುದು ಬೇಡ. ಅಮ್ಮ ಬೇಡ ಎಂದರೆ ತೆಗೆಯುವುದೂ ಬೇಡ. ವಿದ್ಯಾರ್ಥಿಗಳೇ, ಮುಖ್ಯವಾಗಿ ಹುಡುಗರೇ, ಕೇಳಿಸಿತೇ? ಮಲಗಿರುವ ಅಜ್ಜನ ಬಾಯಿ ತೆರೆದ ಫೋಟೋ ತೆಗೆದು ನಗುವುದು ಈ ಲೆಕ್ಕಕ್ಕೆ ಬರುವುದಿಲ್ಲ.

ಮನೆಯವರ ಫೋಟೋ ತೆಗೆಯುವುದನ್ನೇ ಬಾಳಿನುದ್ದಕ್ಕೂ ಮಾಡಿದ ಒಬ್ಬರು ನಮ್ಮ ದೇಶದಲ್ಲಿದ್ದರು. ಉಮ್ರಾವ್ ಸಿಂಗ್ ಶೇರ್‌ಗಿಲ್, ಹುಟ್ಟಿದ್ದು 1870ರಲ್ಲಿ, ತೀರಿಕೊಂಡದ್ದು 1954ರಲ್ಲಿ. ಸಂಸ್ಕೃತ, ಪಾರ್ಸಿ ಬಲ್ಲ ವಿದ್ವಾಂಸರು. ಹೆಂಡತಿ ಮತ್ತು ಇಬ್ಬರು ಹೆಣ್ಣುಮಕ್ಕಳನ್ನು ಬುಡಾಪೆಸ್ಟಿನಲ್ಲಿ, ಶಿಮ್ಲಾದಲ್ಲಿ, ಪ್ಯಾರಿಸ್ಸಿನಲ್ಲಿ ಮನೆಯೊಳಗೇ ದಶಕಗಳ ಕಾಲ ಫೋಟೋ ತೆಗೆದರು. ಹಿರಿಯ ಮಗಳು ಅಮೃತಾ ದೊಡ್ಡ ಚಿತ್ರಕಲಾವಿದೆಯಾಗಿ 1941ರಲ್ಲಿ, 28ನೇ ವಯಸ್ಸಿನಲ್ಲೇ ತೀರಿಕೊಂಡರು. ಅಮೃತಾ ಬರೆದ ಚಿತ್ರಗಳು ದೆಹಲಿಯ ಮ್ಯೂಸಿಯಂನಲ್ಲಿವೆ. ಆ ಹುಡುಗಿ ಮನೆಯಲ್ಲಿ ಹೇಗಿದ್ದಳು ಎಂದು ತಿಳಿಯಬೇಕಾದರೆ ತಂದೆಯ ಫೋಟೋಗಳನ್ನೇ ನೋಡಬೇಕು. ತೆಗೆಯುವಾಗ ಆ ತಂದೆಗೆ ಮಗಳು ದೊಡ್ಡವಳಾಗುತ್ತಾಳೆ, ಬೇಗ ಹೋಗುತ್ತಾಳೆ ಎಂದು ಗೊತ್ತಿತ್ತೇ?

ಹಾಗಾದರೆ ಏನು ತೆಗೆಯುವುದು? ನಗಿ ಎಂದು ಹೇಳದೆ ತೆಗೆಯಿರಿ. ನಿಲ್ಲಿಸಬೇಡಿ, ಸೀರೆ ಸರಿಮಾಡಿಕೊಳ್ಳಲು ಹೇಳಬೇಡಿ. ಫ್ಲ್ಯಾಶ್ ಬೇಡ, ಬಾಗಿಲಿನ ಬೆಳಕು ಸಾಕು. ಮುಖದ ಹತ್ತಿರ ಹೋಗಬೇಡಿ, ಎರಡು ಹೆಜ್ಜೆ ಹಿಂದೆ ಸರಿಯಿರಿ, ಸುತ್ತಲಿನ ಸಾಮಾನು ಬರಲಿ. ಇಪ್ಪತ್ತು ವರ್ಷದ ಮೇಲೆ ಮುಖಕ್ಕಿಂತ ಆ ಸಾಮಾನೇ ಹೆಚ್ಚು ಮಾತಾಡುತ್ತದೆ. ಗ್ಯಾಸ್ ಸಿಲಿಂಡರಿನ ಪಕ್ಕ ಇನ್ನೂ ಉಳಿದಿರುವ ಸೌದೆ ಒಲೆ, ಗೋಡೆಯ ಕ್ಯಾಲೆಂಡರು, ರೇಷನ್ ಚೀಲ, ನೀರು ಬರುವ ದಿನ ಸಾಲಾಗಿಟ್ಟ ಕೊಡಗಳು, ಕಿಟಕಿಗೆ ನೇತುಹಾಕಿದ ಯೂನಿಫಾರ್ಮು. ಸೆಹ್ರಿಯ ಹೊತ್ತಿನಲ್ಲಿ ಎಲ್ಲರಿಗೂ ಬಡಿಸಿ, ಅಜಾನಿಗೆ ಎರಡು ನಿಮಿಷ ಇರುವಾಗ ನಿಂತುಕೊಂಡೇ ಎರಡು ತುತ್ತು ತಿನ್ನುವವರು ಯಾರು? ಇಫ್ತಾರಿನ ದಸ್ತರ್‌ಖಾನಿನ ಫೋಟೋ ಪ್ರತಿ ವರ್ಷ ಬರುತ್ತದೆ, ಖರ್ಜೂರ, ಸಮೋಸ, ಶರಬತ್ತು ಎಲ್ಲ ಚೆಂದ. ಸೆಹ್ರಿಯಲ್ಲಿ ನಿಂತು ತಿನ್ನುವವರದು ನಾನು ಇನ್ನೂ ಯಾರ ಮೊಬೈಲಿನಲ್ಲೂ ನೋಡಿಲ್ಲ.

ಇನ್ನೊಂದು, ಒಂದೇ ಜಾಗದಲ್ಲಿ ವರ್ಷಕ್ಕೊಮ್ಮೆ ತೆಗೆಯಿರಿ. ಅಮೆರಿಕದ ನಿಕೋಲಸ್ ನಿಕ್ಸನ್ ಎಂಬ ಫೋಟೋಗ್ರಾಫರ್ 1975ರಿಂದ 2022ರ ತನಕ ಪ್ರತಿ ವರ್ಷವೂ ತನ್ನ ಹೆಂಡತಿ ಮತ್ತು ಆಕೆಯ ಮೂವರು ಸೋದರಿಯರನ್ನು ಅದೇ ಸಾಲಿನಲ್ಲಿ ನಿಲ್ಲಿಸಿ ಫೋಟೋ ತೆಗೆದರು. ಒಂದೊಂದಾಗಿ ನೋಡಿದರೆ ನಾಲ್ಕು ಹೆಂಗಸರು ನಿಂತಿದ್ದಾರೆ, ಅಷ್ಟೇ. ಸಾಲಾಗಿ ನೋಡಿದರೆ ಒಂದು ಆಯುಷ್ಯವೇ ಎದುರಿಗೆ ಹಾದುಹೋಗುತ್ತದೆ. ನಾವು ಬಕ್ರೀದ್‌ನ ಮರುದಿನ, ಹಳೆಯ ಬಟ್ಟೆಯಲ್ಲೇ, ಮನೆಯ ಹೊಸ್ತಿಲಿನಲ್ಲಿ ಕೂತು ತೆಗೆಸಿಕೊಳ್ಳಬಹುದು. ಕ್ಯಾಮೆರಾ ಹಿಡಿಯುವವರು ಪ್ರತಿ ಸಲ ಬದಲಾಗಲಿ, ಇಲ್ಲದಿದ್ದರೆ ಹಿಡಿದವರು ಯಾವ ವರ್ಷದಲ್ಲೂ ಇರುವುದಿಲ್ಲ.

ತೆಗೆದು ಮೊಬೈಲಿನಲ್ಲಿ ಬಿಟ್ಟರೆ ತೆಗೆಯದ ಹಾಗೆಯೇ. ಮೊಬೈಲು ಬಾವಿಗೆ ಬೀಳುತ್ತದೆ, ಬಸ್ಸಿನಲ್ಲಿ ಕಳೆಯುತ್ತದೆ, ರಿಪೇರಿಯವನು ಎಲ್ಲವನ್ನೂ ಅಳಿಸಿ ಕೊಡುತ್ತಾನೆ. ಗೂಗಲ್ ಫೋಟೋಸ್‌ನಲ್ಲಿ ಎಷ್ಟಾದರೂ ಬಿಟ್ಟಿಯಾಗಿ ಇಡಬಹುದಾಗಿದ್ದ ಸೌಲಭ್ಯವೂ 2021ರ ಜೂನ್ 1ಕ್ಕೆ ನಿಂತಿತು. ವಾಟ್ಸ್ಆ್ಯಪ್‌ನಲ್ಲಿ ಸಾಮಾನ್ಯವಾಗಿ ಕಳಿಸಿದ ಫೋಟೋ ಕುಗ್ಗಿ ಬರುತ್ತದೆ, ದೊಡ್ಡದಾಗಿ ಪ್ರಿಂಟ್ ಹಾಕಿಸಿದರೆ ಮಸುಕು. ನನ್ನ ಸಲಹೆ ಹಳೆಯ ಕಾಲದ್ದು. ವರ್ಷಕ್ಕೆ ಹತ್ತು ಆರಿಸಿ, ಹತ್ತೇ ಹತ್ತು, ಅಂಚೆ ಕಾರ್ಡಿನ ಅಳತೆಯಲ್ಲಿ ಪ್ರಿಂಟ್ ಹಾಕಿಸಿ. ಆರಿಸುವಾಗ ಮನೆಯವರೆಲ್ಲ ಕೂತು ಜಗಳವಾಡಿ, ಅದೂ ಒಳ್ಳೆಯದೇ.

ಪ್ರಿಂಟಿನ ಹಿಂಬದಿಯಲ್ಲಿ ಮೆತ್ತನೆಯ ಪೆನ್ಸಿಲಿನಿಂದ ಬರೆಯಿರಿ. ಬಾಲ್ ಪೆನ್ ಒತ್ತಿದರೆ ಗೆರೆ ಮುಂಬದಿಗೆ ಮೂಡುತ್ತದೆ, ಶಾಯಿ ಹರಡಿ ಪಕ್ಕದ ಫೋಟೋಗೂ ಅಂಟುತ್ತದೆ. ಯಾರು, ಎಲ್ಲಿ, ಯಾವ ವರ್ಷ, ಏನು ಮಾಡುತ್ತಿದ್ದರು, ಇಷ್ಟು ಸಾಕು. 'ಅಮ್ಮ' ಎಂದು ಮಾತ್ರ ಬರೆಯಬೇಡಿ. ಮೊಮ್ಮಕ್ಕಳಿಗೆ ಯಾರ ಅಮ್ಮ ಎಂದು ಹೇಗೆ ತಿಳಿಯಬೇಕು? ಪೂರ್ತಿ ಹೆಸರು ಬರೆಯಿರಿ. ನನ್ನ ತರಗತಿಯಲ್ಲಿ ದಾದಿಯ ಹೆಸರು ಕೇಳಿದರೆ 'ದಾದಿ' ಎನ್ನುವ ಮಕ್ಕಳೇ ಹೆಚ್ಚು. ಉರ್ದುವಿನಲ್ಲಿ ಬರೆದರೆ ಕೆಳಗೆ ಕನ್ನಡದಲ್ಲೂ ಬರೆಯಿರಿ. ಮುಂದಿನವರು ಯಾವ ಲಿಪಿ ಓದುತ್ತಾರೋ ಹೇಳಲಾಗದು. ಉರ್ದು ಟೀಚರಾಗಿ ಈ ಮಾತು ಹೇಳಲು ನನಗೆ ಕಷ್ಟವಾಗುತ್ತದೆ, ಆದರೂ ಹೇಳುತ್ತೇನೆ. ಅಂಟು ಹಾಳೆಯ ಮೇಲೆ ಪ್ಲಾಸ್ಟಿಕ್ ಪೊರೆ ಇರುವ ಹಳೆಯ ಆಲ್ಬಂಗಳಲ್ಲಿ ಫೋಟೋ ಹಳದಿಯಾಗಿ, ಅಂಟಿಕೊಂಡು, ಕಿತ್ತರೆ ಹರಿಯುತ್ತದೆ. ಲ್ಯಾಮಿನೇಷನ್ ಕೂಡ ಬೇಡ, ಒಮ್ಮೆ ಮಾಡಿದರೆ ಬಿಡಿಸಲಾಗದು. ಕಾಗದದ ಲಕೋಟೆಯಲ್ಲಿ ಹಾಕಿ, ಮಳೆಗಾಲದಲ್ಲಿ ತೇವ ಹಿಡಿಯದ ಜಾಗದಲ್ಲಿಡಿ.

ಕೊನೆಯದಾಗಿ ಒಂದು ಪ್ರಕಟಣೆ, ಅಧ್ಯಕ್ಷರ ಅನುಮತಿ ಪಡೆದೇ ಹೇಳುತ್ತಿದ್ದೇನೆ. ದಸರಾ ರಜೆಯ ಎರಡು ಭಾನುವಾರ, ಬೆಳಿಗ್ಗೆ ಹತ್ತರಿಂದ ಜೋಹರ್ ತನಕ, ನನ್ನ ತರಗತಿಯ ಹೆಣ್ಣುಮಕ್ಕಳು ಸಂಘದ ವಾಚನಾಲಯದ ಕಿಟಕಿಯ ಬಳಿ ಕೂತಿರುತ್ತಾರೆ. ತಮ್ಮ ಮನೆಯ ಹಳೆಯ ಫೋಟೋಗಳನ್ನು, ಮುಖ್ಯವಾಗಿ ಆಲ್ಬಮಿನ ಕೊನೆಯ ಹಾಳೆಯಲ್ಲಿರುವವನ್ನು, ತನ್ನಿ. ಕಿಟಕಿಯ ಬೆಳಕಿನಲ್ಲಿ ನೇರವಾಗಿ ಹಿಡಿದು, ತಮ್ಮದೇ ಮೊಬೈಲಿಗೆ ನಕಲು ತೆಗೆದು ಕೊಡುತ್ತಾರೆ. ನಮ್ಮ ಹತ್ತಿರ ಒಂದೂ ಉಳಿಸಿಕೊಳ್ಳುವುದಿಲ್ಲ. ಫೋಟೋದಲ್ಲಿರುವವರ ಹೆಸರು ಬಲ್ಲ ಹಿರಿಯರೊಬ್ಬರನ್ನು ಜೊತೆಗೆ ಕರೆತರಬೇಕು, ಅದೊಂದೇ ಷರತ್ತು. ಚಹಾ ಇರುತ್ತದೆ. ಪೆನ್ಸಿಲ್ ನಾವೇ ತರುತ್ತೇವೆ.